ಸಾರಿನ ಬೆಲ್ಟು

ನನ್ನ ಭಾಮೈದ ಮುಕುಂದ ಮಿಕ್ಸಿ ರಿಪೇರಿ ಮಾಡುವವನು. ಮಿಕ್ಸಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಂಡುಹಿಡಿಯುತ್ತಾನೆ. ಈ ಸಲ ನನ್ನ ಸೊಂಟನೋವಿಗೆ ಒಂದು ಬೆಲ್ಟು ತಂದ.

"ಭಾವ, ಇದು ಸೊಂಟಕ್ಕೆ ಸಣ್ಣಗೆ ಕರೆಂಟು ಕೊಡುತ್ತೆ. ನೋವು ತಲೆಗೆ ಹೋಗೋಕೆ ಮುಂಚೆ ದಾರೀಲೇ ತಡೆಯುತ್ತೆ. ನೀವು ಹೇಗೆ ಬಗ್ಗಬೇಕೋ ಒಂದ್ಸಲ ತೋರಿಸಿದ್ರೆ ಆಮೇಲೆ ಅದೇ ಬಗ್ಗಿಸಿ ಅದೇ ಎಬ್ಬಿಸುತ್ತೆ."

"ಬಿಚ್ಚೋದು ಹೇಗೋ?"

"ಸಂಜೆ ಚಿಕಿತ್ಸೆ ಮುಗಿದ ಮೇಲೆ ತಾನೇ ಬಿಚ್ಕೊಳುತ್ತೆ. ನಿಮ್ಮಂಥೋರು ಅರ್ಧಕ್ಕೇ ಬಿಟ್ಬಿಡ್ತೀರಿ ಅಂತ ಬೀಗ ಹಾಕಿದೀನಿ."

ಒಪ್ಪದೆ ವಿಧಿಯಿರಲಿಲ್ಲ. ಮೈಸೂರಿನ ಮದುವೆ ಊಟಗಳಲ್ಲಿ ಸಾರು ಬಡಿಸುವವನು ನಾನು. ಸಾರಿನ ಬಕೆಟ್ಟನ್ನು ಯಾರ ಕೈಗೆ ಬೇಕಾದರೂ ಕೊಡುವುದಿಲ್ಲ. ಉಪ್ಪು, ಕೋಸಂಬರಿ, ಪಲ್ಯ ಎಲ್ಲ ದಾಟಿಕೊಂಡು ಅಲ್ಲಿಗೆ ಬರಬೇಕು. ಅಡುಗೆ ಕಂಟ್ರಾಕ್ಟರ್ ಅನಂತಯ್ಯನವರು ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಬಗ್ಗೋಕಾಗಲ್ಲ ಅಂದ್ರೆ ಬಾಗಿಲಲ್ಲಿ ತಾಂಬೂಲದ ಚೀಲ ಹಂಚ್ಕೊಂಡು ನಿಂತ್ಕೊಳಯ್ಯ." ಆವತ್ತು ನನಗೆ ಅನ್ನ ಸೇರಿರಲಿಲ್ಲ.

ತಾರಸಿಯ ಮೇಲೆ ಬಾಳೆಲೆ ಹಾಸಿ, ಬಕೆಟ್ಟಿನಲ್ಲಿ ನೀರು ಹಿಡಿದು ಬೆಲ್ಟಿಗೆ ಪಾಠ ಮಾಡಿದೆವು. ನೋವು ಚೂರೂ ಇಲ್ಲ. ಖುಷಿಗೆ ಮುಕುಂದನನ್ನು ತಬ್ಬಿಕೊಂಡೆ.

ಮಾರನೆಯ ದಿನ ಛತ್ರದಲ್ಲಿ ಮೊದಲ ಎಲೆಗೆ ಬಗ್ಗಿದಾಗ ನಮ್ಮ ತಪ್ಪು ಗೊತ್ತಾಯಿತು. ನಾವು ಕಲಿಸಿದ್ದು ನೆಲದ ಎಲೆಗೆ. ಇಲ್ಲಿ ಎಲೆ ಟೇಬಲ್ಲಿನ ಮೇಲಿತ್ತು. ಬೆಲ್ಟು ನೆಲ ಹುಡುಕಿಕೊಂಡು ನನ್ನನ್ನು ಬಗ್ಗಿಸುತ್ತಲೇ ಹೋಯಿತು. ಹಣೆ ಗಂಡಿನ ಸೋದರಮಾವನ ಅನ್ನದಲ್ಲಿ ಹೂತುಕೊಂಡಿತು.

"ಸಾಕು, ಸಾಕು," ಎಂದು ಅವರು ಎಲೆಗೆ ಕೈ ಅಡ್ಡ ಹಿಡಿದರು.

ಬೆಲ್ಟು ನನ್ನನ್ನು ಎಬ್ಬಿಸಿ ಪಕ್ಕದ ಎಲೆಗೆ ಬಗ್ಗಿಸಿತು.

"ಏನಯ್ಯ ಇದು?" ಅನಂತಯ್ಯನವರು ಓಡಿಬಂದರು.

"ಚಿಕಿತ್ಸೆ, ಸ್ವಾಮಿ," ಎಂದೆ, ಹುರುಳಿಕಾಯಿ ಪಲ್ಯದ ಒಳಗಿನಿಂದ.

ಬಕೆಟ್ಟು ಕಿತ್ತುಕೊಂಡು ನನ್ನನ್ನು ಬಾಗಿಲಿಗೆ ಅಟ್ಟಿದರು. ಸಾರು ಹೋದದ್ದು ಬೆಲ್ಟಿಗೆ ಹೇಗೆ ಗೊತ್ತಾಗಬೇಕು? ಹೊರಟ ಒಬ್ಬೊಬ್ಬರ ಮುಂದೆಯೂ ನೆಲ ಮುಟ್ಟುವ ಹಾಗೆ ಬಗ್ಗಿಸಿತು. ತೆಂಗಿನಕಾಯಿ ಚೀಲ ಅವರ ಪಾದದ ಹತ್ತಿರ ಇಟ್ಟು ಏಳುತ್ತಿದ್ದೆ. ಬೆಳಗಿನಿಂದ ಮುಖ ಊದಿಸಿಕೊಂಡಿದ್ದ ಗಂಡಿನ ತಂದೆ ಕಣ್ಣೊರೆಸಿಕೊಂಡು, "ಮರ್ಯಾದೆ ಅಂದ್ರೆ ಇದಪ್ಪ," ಎಂದರು. ಇಬ್ಬರು ಅಜ್ಜಿಯರು ಚೀಲ ಒಳಗಿಟ್ಟು ಬಂದು ಮತ್ತೆ ಸಾಲಿನಲ್ಲಿ ನಿಂತರು.

ಸಂಜೆ ಬೆಲ್ಟು ತಾನಾಗಿಯೇ ಬಿಚ್ಚಿಕೊಂಡಿತು. ಅನಂತಯ್ಯನವರು ಬಂದು ಬೆನ್ನು ತಟ್ಟಿದರು.

"ಇನ್ಮೇಲೆ ಎಲ್ಲಾ ಮದುವೇಲೂ ಬಾಗಿಲಿಗೆ ನೀನೇ ಕಣಯ್ಯ. ಸಾರಿಗೇನು, ಯಾರಾದ್ರೂ ಸಿಗ್ತಾರೆ."

ನನಗೆ ಅಳುವೇ ಬಂತು. ಸೊಂಟ ನೋವು ಅಂತ ಹೇಳಿ ತಪ್ಪಿಸಿಕೊಳ್ಳೋಣವೆಂದರೆ, ಹಾಳಾದ್ದು ಪೂರ್ತಿ ವಾಸಿಯಾಗಿದೆ.