ಗೂಡು ಸಂಘಕ್ಕೆ ಸಾಫ್ಟ್‌ವೇರ್ ಬಂದದ್ದು

ಮೂರು ತಾಲ್ಲೂಕುಗಳ ರೇಷ್ಮೆಗೂಡು ಬೆಳೆಗಾರರ ಕ್ಷೇಮಾಭಿವೃದ್ಧಿ ಸಂಘದಲ್ಲಿ ಸ್ಥಾಪನೆಯಾದ ದಿನದಿಂದ ಒಂದೇ ಒಂದು ತಪ್ಪೂ ನಡೆದಿಲ್ಲ. ಮುಂದೆಯೂ ನಡೆಯಬಾರದೆಂಬ ಸದುದ್ದೇಶದಿಂದ ಸಾಫ್ಟ್‌ವೇರ್ ಹಾಕಿಸಬೇಕೆಂದು ಆಡಳಿತ ಮಂಡಳಿ ಸರ್ವಾನುಮತದಿಂದ ನಿರ್ಣಯಿಸಿತು. ನಾನು ಅಲ್ಲಿಯ ಗುಮಾಸ್ತ, ನಟರಾಜು. ಹತ್ತೊಂಬತ್ತು ವರ್ಷದಿಂದ ನಿರ್ಣಯ ಬರೆಯುತ್ತಿದ್ದೇನೆ. ಓದಿದವರನ್ನು ಇನ್ನೂ ಕಂಡಿಲ್ಲ.

ಅಂಗಡಿಯಲ್ಲಿ ಸಿಗುವ ಸಿದ್ಧ ಸಾಫ್ಟ್‌ವೇರ್ ತರುವುದೋ, ನಮ್ಮ ಅಳತೆಗೆ ಮಾಡಿಸುವುದೋ ಎಂಬುದಷ್ಟೇ ಪ್ರಶ್ನೆ. ಅಧ್ಯಕ್ಷರಾದ ಷಡಕ್ಷರಿಯವರು ಕೊಳ್ಳೇಗಾಲದಲ್ಲಿ ಬಟ್ಟೆ ಅಂಗಡಿ ಇಟ್ಟವರು. "ರೆಡಿಮೇಡಾ, ಹೊಲಿಸೋದಾ?" ಎಂದು ಒಂದೇ ಮಾತಿನಲ್ಲಿ ಸಭೆಗೆ ತಿಳಿಯಹೇಳಿದರು. ಸಾಫ್ಟ್‌ವೇರ್ ಬರಲಿರುವ ಸಂಘದಲ್ಲಿ ಕೈಬರಹದ ಪುಸ್ತಕ ಇರುವುದು ಶೋಭೆಯಲ್ಲವಾದ್ದರಿಂದ, ತೂಕದ ಪುಸ್ತಕವನ್ನು ಅಂದೇ ಬೀರುವಿಗೆ ಹಾಕಿ ಮೊಹರು ಮಾಡಲಾಯಿತು. ಬಾಗಿಲಿಗೆ ಪ್ರಕಟಣೆ ಅಂಟಿಸಿದೆ:

"ಗೂಡು ತಂದ ಸದಸ್ಯರು ಟೋಕನ್ ಪಡೆದು ಕಾಯತಕ್ಕದ್ದು. ಟೋಕನ್ ಪಡೆದ ಗೂಡನ್ನು ತೂಕವಾಗದೆ ಹೊರಗೆ ಒಯ್ಯತಕ್ಕದ್ದಲ್ಲ. ತೂಕವು ಸಾಫ್ಟ್‌ವೇರ್ ಬಂದ ನಂತರ."

ಆ ಸೋಮವಾರವೇ ಬಂಡಳ್ಳಿಯ ಚಿಕ್ಕನಿಂಗಮ್ಮ ನಾಲ್ಕು ಚೀಲ ಗೂಡನ್ನು ಬಸ್ಸಿನಿಂದ ಇಳಿಸಿದಳು. ಪ್ರಕಟಣೆಯ ಗೋಂದು ಇನ್ನೂ ಒಣಗಿರಲಿಲ್ಲ. ಒಂದನೇ ನಂಬರಿನ ಟೋಕನ್ ಅವಳದಾಯಿತು.

ತಿಳಿಯದವರಿಗಾಗಿ ಒಂದು ಮಾತು. ಗೂಡಿನೊಳಗೆ ಹುಳು ಬದುಕಿರುತ್ತದೆ. ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಈಚೆ ಬರುವ ಮೊದಲೇ ನೂಲು ಬಿಚ್ಚುವವರ ಬಿಸಿನೀರಿಗೆ ಬೀಳಬೇಕು. ತೂತು ಬಿದ್ದ ಗೂಡನ್ನು ಆ ಬೆಲೆಗೆ ಯಾರೂ ಮೂಸುವುದಿಲ್ಲ. ಹುಳುವಿಗೆ ನಮ್ಮ ಸಂಘದ ನಿಯಮಾವಳಿ ಅನ್ವಯವಾಗುವುದಿಲ್ಲ, ಅದೊಂದೇ ತೊಂದರೆ.

"ಸಾ, ಶನಿವಾರಕ್ಕೆಲ್ಲ ಚಿಟ್ಟೆ ಈಚ್ಗೆ ಬಂದ್ಬುಡ್ತದೆ ಕಣ್ರಿ," ಎಂದಳು ಚಿಕ್ಕನಿಂಗಮ್ಮ. "ಇಪ್ಪತ್ತೈದು ದಿನ ನಿದ್ದೆಗೆಟ್ಟು ಸೊಪ್ಪು ಆಕಿವ್ನಿ. ತಕ್ಕಡೀಲೇ ತೂಗ್ಬುಡಿ."

"ತಕ್ಕಡಿ ಅದೆ ಕಣವ್ವ. ಬರ್ಯಕ್ಕೆ ಪುಸ್ತಕ ಇಲ್ಲ."

"ನನ್ ಕೈ ಮೇಲೇ ಬರ್ಕೊಡಿ."

ಕೈ ಅಧಿಕೃತ ದಾಖಲೆಯಲ್ಲವೆಂದು ಅವಳಿಗೆ ತಿಳಿಸಲಾಯಿತು.

ಮಂಗಳವಾರ ಮೈಸೂರಿನಿಂದ ಟೈ ಕಟ್ಟಿಕೊಂಡ ಒಬ್ಬರು ರೆಡಿಮೇಡ್ ತಂದರು. ಅದು ಮೆಡಿಕಲ್ ಶಾಪಿನ ಸಾಫ್ಟ್‌ವೇರ್. ಯಾವ ಸರಕಿಗೂ ಹೊಂದುತ್ತದೆ ಎಂದರು. ಚಿಕ್ಕನಿಂಗಮ್ಮನ ಗೂಡನ್ನೇ ಪರೀಕ್ಷೆಗೆ ಇಟ್ಟುಕೊಂಡೆವು. ಹೆಸರಾಯಿತು, ಊರಾಯಿತು, ಕೊನೆಗೆ ಸರಕು ಯಾವತ್ತು ಕೆಡುತ್ತದೆ ಎಂದು ಕೇಳಿತು. ತಾರೀಕು ಹಾಕದೆ ಅದು ಒಂದು ಹೆಜ್ಜೆ ಮುಂದೆ ಹೋಗಲೊಲ್ಲದು. ನಾನು ಶನಿವಾರ ಎಂದು ಹೊಡೆದೆ.

ಅಧ್ಯಕ್ಷರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ ನಟರಾಜು ಇದು? ಸಂಘದೊಳಗೆ ಸರಕು ಕೆಡ್ತದೆ ಅಂತ ನಾವೇ ಬರ್ಕೊಟ್ಟಂಗಾಯ್ತಲ್ಲಯ್ಯ!"

ನಿಯಮ ಹದಿನಾಲ್ಕರ ಪ್ರಕಾರ ಸಂಘದ ಸುಪರ್ದಿನಲ್ಲಿರುವ ಸರಕು ಕೆಡುವುದಿಲ್ಲ. ರೆಡಿಮೇಡ್ ನಮ್ಮ ಪದ್ಧತಿಗೆ ಒಗ್ಗುವುದಿಲ್ಲವೆಂದು ತಿರಸ್ಕರಿಸಲಾಯಿತು.

ಬುಧವಾರ ಹೊಲಿಸುವ ಸರದಿ. ಯಳಂದೂರಿನಲ್ಲಿ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಆಫೀಸು ಮಾಡಿಕೊಂಡಿರುವ ಕೋಮಲ ಎಂಬಾಕೆ ನೋಟ್‌ಬುಕ್ ಹಿಡಿದು ಬಂದರು. "ನಿಮ್ ಕೆಲ್ಸ ಎಂಗ್ ನಡೀತದೆ ಅಂತ ಹೇಳಿ ಸಾರ್, ಅಂಗೇ ಮಾಡ್ಕೊಡ್ತೀನಿ," ಎಂದರು. ಅಧ್ಯಕ್ಷರಿಗೆ ಬಹಳ ಹಿಡಿಸಿತು. ಆಕೆ ಎರಡು ದಿನ ಕೂತು ತೂಗುವವರನ್ನು, ಹೊರುವವರನ್ನು, ಗುಡಿಸುವ ಮಾದೇವಮ್ಮನನ್ನೂ ಬಿಡದೆ ಕೇಳಿ ಬರೆದುಕೊಂಡರು. ಅನಾಹುತವಾದದ್ದು ಅಲ್ಲೇ.

ಶುಕ್ರವಾರ ಬರೆದುಕೊಂಡದ್ದನ್ನು ಸಭೆಯಲ್ಲಿ ಓದಿದರು. ಮೊದಲ ತೂಕ ಅಧ್ಯಕ್ಷರ ಬೀಗರದು, ಅವರ ಸರಕು ಇನ್ನೂ ಬಂದಿರದಿದ್ದರೂ. ಪ್ರತಿ ಚೀಲದಿಂದ ದೇವರಿಗೆ ಒಂದು ಹಿಡಿ, ತೂಗುವವನಿಗೆ ಒಂದು ಹಿಡಿ, ತೂಗುವವನು ಎರಡು ಹಿಡಿ ತೆಗೆಯದಂತೆ ನೋಡಿಕೊಳ್ಳುವವನಿಗೆ ಒಂದು ಹಿಡಿ. ಕೊಳ್ಳುವವರು ಕೆಮ್ಮಿದಾಗ ತಕ್ಕಡಿಯ ಮುಳ್ಳು ಎಲ್ಲಿರುತ್ತದೋ ಅದೇ ತೂಕ.

"ದೇವ್ರ ಹಿಡಿ ಯಾರ ಕೈಯಿಂದು ಅಂತ ಆಕ್ಲಿ ಸಾರ್?" ಎಂದು ಕೋಮಲ ಕೇಳಿದರು. "ಮಹದೇವು ಅಣ್ಣಂದು ಬಾರಿ ದೊಡ್ಡ ಕೈ."

ತೂಗುವ ಮಹದೇವು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಧ್ಯಕ್ಷರು ನಿಟ್ಟುಸಿರು ಬಿಟ್ಟು, "ಹೊಲ್ಸುದ್ರೆ ಇದೇ ಕಷ್ಟ ನೋಡಿ. ಮೈಯ ಡೊಂಕೆಲ್ಲ ಬಟ್ಟೇಲಿ ಕಾಣ್ತದೆ," ಎಂದರು. ಕೋಮಲ ಅವರ ನೋಟ್‌ಬುಕ್ಕನ್ನು ಸುರಕ್ಷತೆಯ ದೃಷ್ಟಿಯಿಂದ ಅದೇ ಬೀರುವಿಗೆ ಹಾಕಿ ಮತ್ತೆ ಮೊಹರು ಮಾಡಲಾಯಿತು.

ಅಂದು ಸಂಜೆ ಚಿಕ್ಕನಿಂಗಮ್ಮ ಅಧ್ಯಕ್ಷರ ಮುಂದೆ ಬಂದು ನಿಂತಳು. ಐದು ದಿನವೂ ಗೂಡಿನ ಪಕ್ಕದಲ್ಲೇ ಕೂತಿದ್ದವಳು. "ಬುದ್ಧಿ, ನನ್ ಗೂಡ ಕೊಟ್ಬುಡಿ. ಬ್ಯಾರೆ ಕಡೆ ತಕಂಡ್ ಓಯ್ತೀನಿ."

"ನಿಂದೇ ಗೂಡು ಕಣವ್ವ, ಯಾರು ಇಲ್ಲ ಅಂದೋರು? ಗೇಟ್ ಪಾಸ್ ತಕಂಡು ಓಗು."

"ಕೊಡಿ ಬುದ್ಧಿ."

"ಅದನ್ನ ಸಾಫ್ಟ್‌ವೇರ್ ಕೊಡ್ಬೇಕು."

ಅವಳು ನನ್ನ ಮುಖ ನೋಡಿದಳು. ಬೀರುವಿನ ಕೀಲಿ ನನ್ನ ಜೇಬಿನಲ್ಲೇ ಇತ್ತು. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮೊಹರಿನ ಮೇಲೆ ಇದ್ದದ್ದು ನನ್ನದೇ ಸಹಿ, ನನಗೆ ನಿವೃತ್ತಿಗೆ ಇನ್ನು ಎರಡು ವರ್ಷ.

ಶನಿವಾರ ತುರ್ತು ಸಭೆ. ನಿಯಮದಂತೆ ಮೂರು ಕೊಟೇಷನ್ ಬೇಕು, ಪ್ರಪಂಚದಲ್ಲಿ ಇರುವುದು ಎರಡೇ ಬಗೆ. ಮೂರನೆಯ ಬಗೆಯನ್ನು ಅಧ್ಯಕ್ಷರ ಅಳಿಯ ಗುರುಪ್ರಕಾಶ್ ಕಂಡುಹಿಡಿದರು. ಹನೂರಿನಲ್ಲಿ ಅವರ ಕೋಳಿ ಫಾರಂ ಮುಚ್ಚಿ ವರ್ಷವಾಗಿತ್ತು, ಅದರ ಸಾಫ್ಟ್‌ವೇರ್ ಸುಮ್ಮನೆ ಬಿದ್ದಿತ್ತು. ರೆಡಿಮೇಡೂ ಅಲ್ಲ, ಹೊಲಿಸಿದ್ದೂ ಅಲ್ಲ, ತೊಟ್ಟು ಬಿಟ್ಟದ್ದು. ಉಳಿದೆರಡು ಮೊದಲೇ ತಿರಸ್ಕೃತವಾಗಿದ್ದರಿಂದ ಪೈಪೋಟಿಯಲ್ಲಿ ಇದೇ ಗೆದ್ದಿತು. ಹನ್ನೊಂದು ಗಂಟೆಗೆ ಕಂಪ್ಯೂಟರಿಗೆ ಹೂವಿನ ಹಾರ ಹಾಕಲಾಯಿತು.

ಚಿಕ್ಕನಿಂಗಮ್ಮನ ಗೂಡು ತೂಗಿಸಿ ನಾನು ನಲವತ್ತು ಕೆಜಿ ಎಂದು ಹೊಡೆದೆ. ಅದು ಒಪ್ಪಲಿಲ್ಲ. ಎಷ್ಟು ತಲೆ, ಜೀವಂತವೇ ಎಂದು ಕೇಳಿತು. ಗೂಡಿಗೆ ತಲೆ ಇಲ್ಲ. ಎಲ್ಲರೂ ಪರದೆಯನ್ನೇ ನೋಡುತ್ತ ನಿಂತೆವು.

ಅಷ್ಟರಲ್ಲಿ ಹಜಾರದಿಂದ ಸಣ್ಣಗೆ ಚರಚರ ಸದ್ದು. ಹೋಗಿ ನೋಡಿದರೆ ನಾಲ್ಕೂ ಚೀಲದ ಬಾಯಿಂದ ಬಿಳಿ ಚಿಟ್ಟೆಗಳು ಒದ್ದೆ ರೆಕ್ಕೆ ಬಡಿಯುತ್ತ ಹೊರಕ್ಕೆ ತೆವಳುತ್ತಿದ್ದವು. ಚಿಕ್ಕನಿಂಗಮ್ಮ ನೆಲದ ಮೇಲೆ ಕೂತು ತೂತು ಬಿದ್ದ ಒಂದು ಗೂಡನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು.

ಗುರುಪ್ರಕಾಶ್ ಮಾತ್ರ ಮುಖ ಅರಳಿಸಿಕೊಂಡು, "ಮಾವ, ತಲೆ ಬಂತಲ್ಲ, ಎಣ್ಸಿ," ಎಂದರು.

ಇಡೀ ಸಿಬ್ಬಂದಿ ಕತ್ತಲಾಗುವವರೆಗೆ ಎಣಿಸಿತು. ಸಂಖ್ಯೆ ಹೊಡೆದ ಕೂಡಲೇ ಯಂತ್ರ ತಕರಾರಿಲ್ಲದೆ ರಸೀದಿ ಕೊಟ್ಟಿತು: "ಚಿಕ್ಕನಿಂಗಮ್ಮ, ಬಂಡಳ್ಳಿ. ತಲೆ 21,316. ಜೀವಂತ. ತಳಿ: ಬ್ರಾಯ್ಲರ್." ಸೋಮವಾರದ ಹೊತ್ತಿಗೆ ಚಿಟ್ಟೆಗಳು ಗೋಡೆಯ ತುಂಬ ಮೊಟ್ಟೆ ಇಟ್ಟಿದ್ದವು. ಅದಕ್ಕೂ ಸಾಫ್ಟ್‌ವೇರಿನಲ್ಲಿ ಕಾಲಂ ಇತ್ತು. ಮೆಡಿಕಲ್ ಶಾಪಿನದರಲ್ಲಿ ಇಂಥ ಅನುಕೂಲ ಎಲ್ಲಿತ್ತು ಎಂದು ನಿರ್ದೇಶಕರು ಒಬ್ಬರಿಗೊಬ್ಬರು ಹೇಳಿಕೊಂಡರು.

ತಪ್ಪು ಸಾಫ್ಟ್‌ವೇರಿನದಲ್ಲ, ಇಷ್ಟು ವರ್ಷ ಬೆಳೆಗಾರರು ತರುತ್ತಿದ್ದ ಸರಕಿನದು ಎಂದು ಮಂಡಳಿ ಸರ್ವಾನುಮತದಿಂದ ಕಂಡುಕೊಂಡಿತು. ಇನ್ನು ಮುಂದೆ ಚಿಟ್ಟೆಯನ್ನೇ ತರತಕ್ಕದ್ದೆಂದು ಪ್ರಕಟಣೆ ಹೊರಟಿತು. ಕೊಳ್ಳುವವರು ಯಾರು ಎಂದು ಯಾರೋ ಕೇಳಿದರು. ಕೊಳ್ಳುವವರ ಕಾಲಂ ಎರಡನೇ ಹಂತದಲ್ಲಿ ಬರಲಿದೆ.

ಈಗ ಸಂಘದ ಮುಂದೆ ಒಳ್ಳೆಯ ಸಾಲು ಇರುತ್ತದೆ. ಎಲ್ಲರಿಗೂ ರಸೀದಿ ಸಿಗುತ್ತದೆ. ಚಿಕ್ಕನಿಂಗಮ್ಮ ಹಿಪ್ಪುನೇರಳೆ ತೋಟ ಬಿಟ್ಟು ನಮ್ಮಲ್ಲೇ ದಿನಗೂಲಿಗೆ ತಲೆ ಎಣಿಸುತ್ತಾಳೆ, ಕೈ ಚುರುಕು. ಮೊನ್ನೆ ಲೊಕ್ಕನಹಳ್ಳಿಯ ಪುಟ್ಟಮಾದಪ್ಪ ವಿಷಯ ತಿಳಿಯದೆ ಎರಡು ಚೀಲ ಹೊಸ ಗೂಡು ತಂದಿದ್ದ. ಅವಳು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಇದಿನ್ನೂ ಚೆನ್ನಾಗದೆ ಕಣಣ್ಣ," ಎಂದಳು. "ಮನೇಲಿ ಒಂದ್ ವಾರ ಮಡಿಕಂಡು, ಕೆಟ್ ಮೇಲೆ ತಕಂಡ್ ಬಾ. ಇಲ್ಲಿ ತಕತಾರೆ."

"ಆಗ್ಲಿ ಕಣವ್ವ," ಎಂದು ಪುಟ್ಟಮಾದಪ್ಪ ಚೀಲಗಳನ್ನು ಹೊತ್ತುಕೊಂಡು ಬಸ್ಸಿಗೆ ಹೋದ.