ಗೋಡೆ ಬಂತೆಂದು ಕೂಗಬೇಕಿತ್ತು

ನಾನು ಕೂಗಲಿಲ್ಲ. ನನ್ನ ಅಪರಾಧ ಇಷ್ಟೇ. ಮೆಲುದನಿಯ ಹೆಂಗಸಾಗಿದ್ದರೆ ಯಾರಾದರೂ ಮನ್ನಿಸುತ್ತಿದ್ದರೇನೋ. ಆದರೆ ಸತ್ಯನಾರಾಯಣಪೇಟೆಯ ನಮ್ಮ ಬಾಗಿಲಲ್ಲಿ ನಿಂತು ನಾನು ಕೂಗಿದರೆ ಆಚೆ ಬಡಾವಣೆ ಗಾಂಧಿನಗರದಲ್ಲಿ ಹೋಗುತ್ತಿರುವ ತರಕಾರಿ ಗಾಡಿ ನಿಲ್ಲುತ್ತದೆ ಎಂದು ನನ್ನ ಗಂಡ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ಅಂಥ ಗಂಟಲಿದ್ದೂ, ಕೂಗಲೇಬೇಕಾಗಿದ್ದ ಆ ಒಂದು ಹೊತ್ತಿನಲ್ಲಿ ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ, ಬಾಯಿ ಕೆಲಸದಲ್ಲಿತ್ತು.

ನಮ್ಮ ತವರು ಕುರುಗೋಡು. ಗುಡ್ಡದ ಬುಡದ ಹೊಲದಲ್ಲಿ ನಮ್ಮದೊಂದು ಕಲ್ಲುಕಟ್ಟಿನ ಬಾವಿ. ನನ್ನ ತಂಗಿ ಮಲ್ಲಿ ಅದರಲ್ಲಿ ಅಂಗಾತ ಈಜುತ್ತಿದ್ದಳು. ಮೂಗಿಗೆ ನೀರು ಹೋದರೆ ಅವಳಿಗಾಗದು, ಅದಕ್ಕೇ ಆಕಾಶ ನೋಡುತ್ತ ಹಿಂದಕ್ಕೆ ಹಿಂದಕ್ಕೆ ಕೈ ಬೀಸುತ್ತಿದ್ದಳು. ಹೀಗೆ ಈಜುವವರಿಗೆ ಎಲ್ಲಿಂದ ಹೊರಟೆವೆಂಬುದು ಚೆನ್ನಾಗಿ ಕಾಣುತ್ತದೆ, ಎಲ್ಲಿಗೆ ಹೋಗುತ್ತಿದ್ದೇವೆಂಬುದು ಕಾಣುವುದಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಈ ತೊಂದರೆ ನೀರಿಗಿಳಿಯದೆಯೇ ಗೊತ್ತು. ಮಲ್ಲಿಗೆ ಗೋಡೆ ಕಾಣದೆಂದು ಅವ್ವ ನನ್ನನ್ನು ಆಚೆ ಗೋಡೆಯ ಮೇಲೆ ನಿಲ್ಲಿಸಿದ್ದಳು. ಮಲ್ಲಿ ಹತ್ತಿರ ಬಂದ ಕೂಡಲೇ “ಗ್ವಾಡಿ ಬಂತು!” ಎಂದು ಕೂಗಬೇಕು. ನನ್ನ ದನಿ ನೀರೊಳಗೂ ಇಳಿಯುತ್ತಿತ್ತು, ಅವಳು ಥಟ್ಟನೆ ನಿಲ್ಲುತ್ತಿದ್ದಳು. ಈ ನೌಕರಿಗೆ ಸಂಬಳವೆಂದರೆ ಅವ್ವ ಕರಿದು ಕೊಟ್ಟ ಮಿರ್ಚಿ ಬಜ್ಜಿಯಲ್ಲಿ ಅರ್ಧ ಪಾಲು.

ಒಂದು ದಿನ ನನ್ನ ಪಾಲು ಬೇಗ ಮುಗಿಯಿತು. ಮಲ್ಲಿಯ ಪಾಲು ಕಾಗದದಲ್ಲಿ ಆರುತ್ತಿತ್ತು. ಆರಿದ ಮಿರ್ಚಿಯನ್ನು ತಂಗಿಗೆ ತಿನ್ನಿಸುವುದು ಯಾವ ನ್ಯಾಯ ಎಂದುಕೊಂಡು ಒಂದೊಂದಾಗಿ ನಾನೇ ತಿನ್ನತೊಡಗಿದೆ. ಕೊನೆಯದನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡಾಗ ಅದರ ಖಾರ ನೆತ್ತಿಗೇರಿತು. ಕಣ್ಣೀರು ಒರೆಸಿಕೊಂಡು ನೋಡುವಷ್ಟರಲ್ಲಿ ಮಲ್ಲಿಯ ತಲೆ ಕಲ್ಲಿಗೆ ಬಡಿದಿತ್ತು.

ಅವ್ವ ಓಡಿ ಬಂದು ಅವಳನ್ನೆತ್ತಿ, ಗಾಯಕ್ಕೆ ಸೆರಗು ಒತ್ತಿ, ನನ್ನತ್ತ ತಿರುಗಿದಳು.

“ಕೂಗಲಿಲ್ಲೇನ್ಲೇ?”

“ಕೂಗಿದ್ನೆಬೇ. ಆಕೀಗೇ ಕೇಳಲಿಲ್ಲ.”

“ಮಿರ್ಚಿ ಎಲ್ಲಿ?”

“ನಾಯಿ ತಿಂತು.”

ಬಾವಿಯ ಹತ್ತಿರದ ಕಂದು ನಾಯಿ ಅಷ್ಟು ಹೊತ್ತೂ ನಮಗೆ ಬೆನ್ನು ಮಾಡಿ ನಿದ್ದೆ ಮಾಡುತ್ತಿತ್ತು. ತಲೆಗೆ ಅರಿಶಿನ ಮೆತ್ತಿಸಿಕೊಂಡ ಮಲ್ಲಿ ಆ ಬೇಸಿಗೆಯೆಲ್ಲ ಅದಕ್ಕೆ ಕಲ್ಲು ಹೊಡೆದಳು. ನಾನು ತಡೆಯಲಿಲ್ಲ. ತಡೆದರೆ ಅನುಮಾನ ಬರುತ್ತಿತ್ತು.

ಅದೇ ಮಲ್ಲಿ ಈಗ ಹೊರದೇಶದಲ್ಲಿ, ಅಂತರರಾಷ್ಟ್ರೀಯ ಈಜು ಪಂದ್ಯದಲ್ಲಿ, ಮಹಿಳೆಯರ ಬ್ಯಾಕ್‌ಸ್ಟ್ರೋಕಿಗೆ, ಅಂದರೆ ಅದೇ ಅಂಗಾತ ಈಜಿಗೆ, ಇಳಿಯುವವಳಿದ್ದಳು. ನಾನು ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಸುತ್ತೇನೆ. ಪಂದ್ಯದ ದಿನ ಮಧ್ಯಾಹ್ನ ಮಶೀನುಗಳನ್ನೆಲ್ಲ ನಿಲ್ಲಿಸಿ ಎಲ್ಲರೂ ಫೋನಿನ ಮುಂದೆ ಕೂತೆವು. ಗುಂಡಿ ಹಚ್ಚುವ ಹಂಪಮ್ಮನಿಗೆ ಮೊದಲೇ ಗಾಬರಿ.

“ಅಯ್ಯ, ಸೀಟಿ ಊದಾಕ ಮೊದ್ಲ ನಿಮ್ಮಾಕಿ ನೀರಾಗ ಬಿದ್ದಾಳಲ್ಲಬೇ!”

“ಬಿದ್ದಿಲ್ಲ. ಇದು ನೀರಾಗಿಂದನ ಸುರು ಆಕೈತಿ. ಕಂಬಿ ಹಿಡ್ಕೊಂಡು ಜೋತು ಬೀಳ್ತಾರ, ಆಮ್ಯಾಲೆ ಹಿಂದಕ್ಕ ಜಿಗೀತಾರ,” ಎಂದೆ.

ನನ್ನ ಗಂಡ ಭತ್ತದ ಸೀಮೆ ಸಿರುಗುಪ್ಪದವನು. ಅಲ್ಲಿನ ಅಕ್ಕಿ ತಿಂದು ಬೆಳೆದವನೆಂದು ಹೇಳಿಕೊಂಡು ಊಟವಾದ ಮೇಲೆ ಗೋಡೆಗೊರಗುವವನು. “ಮಲಕ್ಕೊಂಡು ಗೆಲ್ಲೋ ಆಟ ಐತಿ ಅಂತ ಮೊದ್ಲ ಹೇಳಿದ್ರ ನಾನೂ ಹೋಗ್ತಿದ್ದೆ,” ಎಂದ.

ಪಂದ್ಯ ಶುರುವಾಯಿತು. ಕೊಳದ ಕೊನೆಗೆ ಸ್ವಲ್ಪ ಮೊದಲು, ನೀರಿನ ಮೇಲೆ, ಬಣ್ಣಬಣ್ಣದ ಬಾವುಟಗಳ ಸರ ಕಟ್ಟಿರುತ್ತಾರೆ. ಅದು ಕಂಡ ಮೇಲೆ ಇನ್ನೆಷ್ಟು ಸಲ ಕೈ ಬೀಸಿದರೆ ಗೋಡೆ ಎಂಬುದನ್ನು ಈಜುವವರು ಎಣಿಸಿ ರೂಢಿ ಮಾಡಿಕೊಂಡಿರುತ್ತಾರೆ. ನಾನು ಮಾಡಬೇಕಿದ್ದ ಕೆಲಸವನ್ನು ಅಲ್ಲಿ ಬಟ್ಟೆಯ ತುಂಡುಗಳು ಮಾಡುತ್ತವೆ. ಅವಕ್ಕೆ ಮಿರ್ಚಿಯ ಆಸೆಯಿಲ್ಲ.

ಬಾವುಟದವರೆಗೂ ಮಲ್ಲಿಯೇ ಮುಂದೆ. ಹಂಪಮ್ಮ ಎದ್ದು ನಿಂತಿದ್ದಳು. ಅಷ್ಟರಲ್ಲಿ ಮಲ್ಲಿ ತಲೆ ಹೊರಳಿಸಿ ಗೋಡೆಯತ್ತ ನೋಡಿದಳು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಆ ಸಂದಿನಲ್ಲಿ ಅಕ್ಕಪಕ್ಕದ ಹುಡುಗಿಯರ ಕೈಗಳು ಗೋಡೆ ಮುಟ್ಟಿದವು. ಮುಂದಿನ ಸುತ್ತಿಗೆ ಅವರು ಹೋದರು, ಇವಳು ಉಳಿದಳು.

“ಯಾಕ ಹೊಳ್ಳಿ ನೋಡಿದ್ಲಬೇ? ಯಾರರ ಕರದ್ರೇನು?” ಎಂದಳು ಹಂಪಮ್ಮ.

“ಯಾರೂ ಕರೀಲಿಲ್ಲ,” ಎಂದೆ. ಆ ವಿಷಯದಲ್ಲಿ ನಾನಾಡಿದ ಮೊದಲ ನಿಜ ಅದೇ.

ಮಲ್ಲಿ ಊರಿಗೆ ಬಂದವಳು ಸೀದಾ ನಮ್ಮ ಮನೆಗೆ ಬಂದಳು. ತಲೆಗೆ ಎಣ್ಣೆ ಹಚ್ಚಲು ಕೂರಿಸಿಕೊಂಡೆ. ಬೆರಳಿಗೆ ಹಳೆಯ ಗಾಯದ ಗೆರೆ ಸಿಕ್ಕಿತು. ಅವಳೂ ಅದನ್ನೇ ಎತ್ತಿದಳು.

“ನನ್ನ ಎಣಿಕಿ ತಪ್ಪಂಗಿಲ್ಲಕ್ಕ. ಆದ್ರ ಬಾವುಟ ದಾಟಿದ ಕೂಡ್ಲೆ ಬಾವಿ ನೆಪ್ಪಾಕೈತಿ. ಅವತ್ತು ನೀ ಸರಿಯಾಗಿ ಕೂಗಿದ್ದಿ, ನನಗ ಗೊತ್ತಾಗಲಿಲ್ಲ. ಇವತ್ತೂ ನಾನ ತಪ್ಪಿದ್ರ ಅಂತ ತಲಿ ತಾನ ಹೊಳ್ಳತೈತಿ. ಇನ್ನೊಂದು ಸಲ ಹಿಂಗಾದ್ರ ತಂಡದಾಗ ಇಟ್ಕೊಳ್ಳಂಗಿಲ್ಲ ಅಂದಾರ.”

ಈ ಸಲ ಹೊರಿಸಲು ಹತ್ತಿರದಲ್ಲಿ ನಾಯಿಯೂ ಇರಲಿಲ್ಲ.

“ನಾ ಕೂಗಲೇ ಇಲ್ಲ ಮಲ್ಲಿ. ನೀ ತಪ್ಪಿರಲಿಲ್ಲ. ನನ್ನ ಬಾಯಾಗ ಮಿರ್ಚಿ ಇತ್ತು. ತಪ್ಪಾತು.”

ಅವಳು ತಿರುಗಿದಳು. ಎಣ್ಣೆ ಹಣೆಯಿಂದ ಮೂಗಿಗಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ಕೂಗಿದ್ರ ನನಗ ಕೇಳ್ತಿತ್ತು?”

“ಕೇಳ್ತಿತ್ತು.”

ಹೊಡೆಯುತ್ತಾಳೋ ಅಳುತ್ತಾಳೋ ಎಂದು ನಾನು ಎರಡಕ್ಕೂ ಸಿದ್ಧಳಾಗಿ ಕೂತೆ. ಅವಳ ಭುಜಗಳು ಮೆಲ್ಲಗೆ ಸಡಿಲಾದವು. ಆಮೇಲೆ ಕಣ್ಣು ಕಿರಿದು ಮಾಡಿದಳು.

“ಲೇ ಅಕ್ಕ, ಮಿರ್ಚಿ ನಾಯಿ ತಿಂತು ಅಂದಿದ್ದಿಯಲ್ಲ?”

ನಾನು ಎಣ್ಣೆಯ ಬಟ್ಟಲು ನೋಡಿದೆ.

“ಬ್ಯಾಸಗಿ ಪೂರ್ತಿ ಅದಕ್ಕ ಕಲ್ಲು ಹೊಡದೀನಿ! ನನಗ ಹೇಳಿದ್ದು ಸಾಕು. ಅದಕ್ಕೂ ಹೇಳು.”

“ಅದು ಸತ್ತು ಎಷ್ಟು ವರ್ಷಾತು!”

“ಹೇಳಂದ್ರ ಹೇಳು. ಜೋರಾಗಿ.”

ಎಣ್ಣೆಗೈಯಲ್ಲೇ ಎದ್ದು ಬಾಗಿಲಿಗೆ ಹೋದೆ. ಕುರುಗೋಡು ಯಾವ ದಿಕ್ಕಿಗಿದೆಯೆಂದು ಅಂದಾಜು ಮಾಡಿ ನಿಂತು, ಆವತ್ತು ಬಾವಿಯ ಗೋಡೆಯ ಮೇಲೆ ಬರಬೇಕಿದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ: “ತಪ್ಪಾತಪ್ಪೋ ಯಪ್ಪಾ! ಮಿರ್ಚಿ ತಿಂದಾಕಿ ನಾನ!”