ಬಾಗಿಲು ಹಾಕಿ, ತಂಪು ಹೋಗ್ತದೆ!

ನಮ್ಮ ದೊಡ್ಡಪ್ಪನ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಮನುಷ್ಯರು: ಬಾಗಿಲು ಹಾಕುವವರು, ಬಾಗಿಲು ಹಾಕದವರು. ಮೊದಲನೆಯವರಿಗೆ ಅವರ ಮನೆಯಲ್ಲಿ ಎಳನೀರು ಸಿಗುತ್ತಿತ್ತು, ಎರಡನೆಯವರಿಗೆ ಉಪನ್ಯಾಸ. ನಾನು ಪಕ್ಕದ ಮನೆಯಲ್ಲೇ ಬೆಳೆದವಳು. ಎಳನೀರು ಕುಡಿದ ನೆನಪೇ ಇಲ್ಲ!

ಇದಕ್ಕೆಲ್ಲ ಕಾರಣ ಒಂದು ಏಸಿ. ದೊಡ್ಡಪ್ಪ ಹನ್ನೆರಡು ವರ್ಷ ಗಲ್ಫಿನಲ್ಲಿ ಏಸಿ ಮೆಕ್ಯಾನಿಕ್ ಆಗಿ ಕಂಡವರ ಕೋಣೆಗಳನ್ನೆಲ್ಲ ತಣ್ಣಗೆ ಮಾಡಿ, ಎಂಬತ್ತರ ದಶಕದ ನಡುವೆ ನಮ್ಮೂರು ಕಾಪುವಿಗೆ ಮರಳಿದರು. ಎಲ್ಲರ ಹಾಗೆ ಟೇಪ್ ರೆಕಾರ್ಡರು, ಸೆಂಟು ಬಾಟಲಿ ತರಬಾರದಿತ್ತೇ? ಇವರು ಕಿಟಕಿಗೆ ಕೂರಿಸುವ ಏಸಿಯನ್ನೇ ತಂದರು. ತಂದದ್ದು ದೊಡ್ಡಮ್ಮನಿಗಾಗಿ. ಪ್ರತಿ ಎಪ್ರಿಲಿನಲ್ಲಿ ದೊಡ್ಡಮ್ಮ ಬರೆಯುತ್ತಿದ್ದ ಕಾಗದದಲ್ಲಿ ಕ್ಷೇಮ ಸಮಾಚಾರಕ್ಕಿಂತ ಬೆವರುಸಾಲೆಯ ಸಮಾಚಾರವೇ ಹೆಚ್ಚಿರುತ್ತಿತ್ತಂತೆ. "ನಿನ್ನನ್ನು ಒಂದು ದಿನ ತಂಪಿನಲ್ಲಿ ಕೂರಿಸಿಯೇ ಸಿದ್ಧ" ಎಂದು ಇವರು ಅಲ್ಲಿಂದ ಮಾತು ಕೊಟ್ಟಿದ್ದರು.

ಆದರೆ ಮನೆ ಹಂಚಿನದು. ಗಾಳಿ ಎಲ್ಲಿಂದ ಬೇಕಾದರೂ ಬಂದು ಎಲ್ಲಿಂದ ಬೇಕಾದರೂ ಹೋಗಲೆಂದೇ ಹಿರಿಯರು ಕಟ್ಟಿದ್ದು. ಹಂಚಿನ ಕೆಳಗೆ ಮರದ ಮುಚ್ಚಿಗೆ ಇದ್ದದ್ದು ಜಗಲಿಗೆ ತೆರೆಯುವ ಒಂದೇ ಕೋಣೆಗೆ. ದೊಡ್ಡಪ್ಪ ನಾಲ್ಕು ದಿನ ಏಣಿ ಹತ್ತಿ ಹಲಗೆಗಳ ಸಂದಿಗೆಲ್ಲ ತೆಂಗಿನ ನಾರು, ಹಳೆ ಸೀರೆ ತುರುಕಿದರು. ಮೇಲೆ ಸುಖವಾಗಿದ್ದ ಇಲಿಗಳು ಬೇಸತ್ತು ನಮ್ಮ ಮನೆಗೆ ಬಂದವು.

ಇನ್ನು ಆ ಕಾಲದ ವೋಲ್ಟೇಜು! ಬಲ್ಬು ಉರಿಯುತ್ತಿದೆಯೋ ಇಲ್ಲವೋ ನೋಡಲು ಟಾರ್ಚು ಬೇಕಾಗುತ್ತಿತ್ತು. ಏಸಿ ಒಮ್ಮೆ ನರಳಿ ಸುಮ್ಮನಾಯಿತು. ದೊಡ್ಡಪ್ಪ ಬಿಡುವವರೇ? ದಿನಾ ಮಧ್ಯಾಹ್ನ ಎರಡಕ್ಕೆ ಅಂಗಳದಲ್ಲಿ ನಿಂತು ಸೀಟಿ ಊದುವುದು, ಕೇಳಿದ ಕೂಡಲೇ ಸುತ್ತಿನ ಏಳು ಮನೆಯವರು ಪಂಪು, ಫ್ಯಾನು ಎಲ್ಲ ನಿಲ್ಲಿಸುವುದು ಎಂದು ಒಪ್ಪಂದವಾಯಿತು. ಏಸಿ ಗುರ್ ಎಂದು ಹೊರಟಿತು! ಆದರೆ ಫ್ಯಾನು ನಿಲ್ಲಿಸಿದವರು ಸುಮ್ಮನೆ ಬೆವರುತ್ತಾ ಕೂರುತ್ತಾರೆಯೇ? ಏಳು ಮನೆಯವರೂ ಬಂದು ಆ ಸಣ್ಣ ಕೋಣೆಯಲ್ಲಿ ಕೂತರು. ಹತ್ತೊಂಬತ್ತು ಜನ! ಗೋಡೆಯೂ ಬೆವರಿತು.

"ಇದಕ್ಕಿಂತ ಹೊರಗೆ ತಂಪುಂಟಲ್ವಾ?" ಎಂದರು ಯಾರೋ.

"ನೀವು ಉಸಿರು ಸ್ವಲ್ಪ ಕಡಿಮೆ ಬಿಡಿ ಮಾರಾಯ್ರೇ!" ಎಂದರು ದೊಡ್ಡಪ್ಪ.

ಕಾರ್ಕಳದಿಂದ ಅವರ ಭಾವ ಬಂದದ್ದು ಸುದ್ದಿ ಕೇಳಿಯೇ. ಮೇ ತಿಂಗಳ ಬಸ್ಸಿನಲ್ಲಿ ಸ್ವೆಟರು, ಮಫ್ಲರು ಸಮೇತ ಇಳಿದರು. ಅವತ್ತು ಕರೆಂಟೇ ಇಲ್ಲ. ಆದರೂ ಮರ್ಯಾದೆಯ ಪ್ರಶ್ನೆ ನೋಡಿ, ಭಾವ ಸ್ವೆಟರು ತೆಗೆಯಲಿಲ್ಲ, ದೊಡ್ಡಪ್ಪ ಬಾಗಿಲು ತೆಗೆಯಲಿಲ್ಲ. ಸಂಜೆ ಹೊರಬಂದಾಗ ಇಬ್ಬರನ್ನೂ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ನೀರು ಹೊಯ್ಯಬೇಕಾಯಿತು.

ಏಸಿಯ ನಿಜವಾದ ಉಪಯೋಗ ಹೊಳೆದದ್ದು ಮೀನು ಮಾರುವ ಅಕ್ಕನಿಗೆ. "ಉಳಿದ ಬಂಗುಡೆ ಒಂದು ಬುಟ್ಟಿ ಉಂಟು. ನಿಮ್ಮ ಆ ಕೋಣೆಯಲ್ಲಿ ನಾಳೆವರೆಗೆ ಇಡಬಹುದಾ?"

ದೊಡ್ಡಪ್ಪ ಕೆಂಡವಾದರು. "ಅದು ಮನುಷ್ಯರಿಗೆ ಇರುವುದು!"

"ಮನುಷ್ಯರು ಒಂದು ದಿನದಲ್ಲಿ ಕೆಡುವುದಿಲ್ಲವಲ್ಲ?" ಎಂದು ಅವಳು ನಿಜವಾಗಿಯೂ ಆಶ್ಚರ್ಯದಿಂದ ಕೇಳಿದಳು.

ಇಷ್ಟೆಲ್ಲ ನಡೆದರೂ ಯಾರಿಗಾಗಿ ಏಸಿ ಬಂತೋ ಅವರು ಮಾತ್ರ ಒಳಗೆ ಕೂರಲಿಲ್ಲ. ದೊಡ್ಡಮ್ಮ ಬರುವುದು, ಎರಡು ನಿಮಿಷ ಕೂರುವುದು, "ಒಲೆ ಮೇಲೆ ಗಂಜಿ ಉಂಟು" ಎಂದು ಏಳುವುದು. ಹೊರಗೆ ನೋಡಿದರೆ ಗಂಜಿಯೂ ಇಲ್ಲ, ಒಲೆಯೂ ಇಲ್ಲ. ಜಗಲಿಯ ಕಂಬಕ್ಕೆ ಒರಗಿ ಅಡಿಕೆ ಹಾಳೆಯ ಬೀಸಣಿಗೆ ಬೀಸುತ್ತಾ ಕೂತಿರುತ್ತಿದ್ದರು. ದೊಡ್ಡಪ್ಪನ ಮುಖ ಆಗ ಸಣ್ಣದಾಗುತ್ತಿತ್ತು. ಜನ ಬರುವುದು ನಿಂತ ಮೇಲೂ ಅವರು ಒಳಗೆ ಒಂದು ಕುರ್ಚಿ ಖಾಲಿ ಇಟ್ಟುಕೊಂಡು ಒಬ್ಬರೇ ಕೂರುತ್ತಿದ್ದರು.

ಒಂದು ಭಾನುವಾರ ಅವರಿಗೆ ತಡೆಯಲಾಗಲಿಲ್ಲ. ಜಗಲಿಗೆ ಬಂದು ನನ್ನೆದುರೇ ಕೇಳಿಬಿಟ್ಟರು. "ನಿನಗೆ ಅಂತ ತಂದದ್ದು ಮಾರಾಯ್ತಿ. ಎಂತ ಕಷ್ಟ ನಿನಗೆ ಒಳಗೆ ಕೂರ್ಲಿಕ್ಕೆ?"

ದೊಡ್ಡಮ್ಮ ಬೀಸಣಿಗೆ ನಿಲ್ಲಿಸಲಿಲ್ಲ. "ಹನ್ನೆರಡು ವರ್ಷ ಈ ಕಂಬಕ್ಕೇ ಒರಗಿ ಪೋಸ್ಟಿನವನ ದಾರಿ ನೋಡಿದ್ದೇನೆ. ಬಾಗಿಲು ಹಾಕಿದರೆ ನನಗೆ ಎದೆ ಹೊಡ್ಕೊಳ್ತದೆ, ಯಾರೋ ಬಂದು ವಾಪಸು ಹೋದ ಹಾಗೆ. ಅಷ್ಟು ವರ್ಷ ನೀವು ಆಚೆ, ನಾನು ಈಚೆ. ಈಗ ಊರಿಗೆ ಬಂದ ಮೇಲೂ ಮಧ್ಯದಲ್ಲಿ ಒಂದು ಬಾಗಿಲು ಯಾಕೆ?"

ದೊಡ್ಡಪ್ಪ ಒಳಗೆ ಹೋಗಿ ತಮ್ಮ ಹಳೆಯ ಸ್ಕ್ರೂಡ್ರೈವರ್ ತಂದರು. ಒಂದೊಂದೇ ಸ್ಕ್ರೂ ಬಿಚ್ಚಿ, ಒಂದು ಬದಿ ನನ್ನ ಕೈಯಲ್ಲಿ ಹಿಡಿಸಿ, ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದರು. ಆ ಕೋಣೆಯ ಬಾಗಿಲು ಮತ್ತೆಂದೂ ಅಲ್ಲಿಗೆ ಮರಳಲಿಲ್ಲ. ಎರಡು ಗಂಟೆಯಾಯಿತು. ಸೀಟಿ ಊದಿದರು. ಏಸಿ ಹೊರಟಿತು.

ಅಷ್ಟು ದಿನ ಉಪನ್ಯಾಸ ಕೇಳಿದ ನನ್ನ ಬಾಯಿ ಸುಮ್ಮನಿರುತ್ತದೆಯೇ? "ದೊಡ್ಡಪ್ಪ, ತಂಪೆಲ್ಲ ಹೊರಗೆ ಹೋಗ್ತದೆ!"

ಅವರು ದೊಡ್ಡಮ್ಮನ ಪಕ್ಕದಲ್ಲಿ, ಅದೇ ಕಂಬಕ್ಕೆ ಒರಗಿ ಕೂತರು.

"ಹೋಗಲಿ. ಅವಳು ಕೂತಲ್ಲಿಗೇ ಹೋಗುವುದಲ್ವಾ?"

ದೊಡ್ಡಮ್ಮ ಬೀಸಣಿಗೆಯನ್ನು ಕೆಳಗಿಟ್ಟರು.